ವಾಲಿ ಮೇಷ್ಟ್ರ ಕ್ಲಾಸು

ಇವರನ್ನ ವಾಲಿ ಮೇಷ್ಟ್ರು ಅಂತ ಕರೀತೀನಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಬದಲಾಯಿಸಿದೀನಿ. ನಲವತ್ತು ದಾಟಿದೆ, ಎಂ.ಎ. ಮಕ್ಕಳಿಗೆ ಸಮಾಜಶಾಸ್ತ್ರ ಹೇಳ್ತಾರೆ, ಊರು ತೀರ್ಥಹಳ್ಳಿ ಕಡೆ. ಶಿವಮೊಗ್ಗದ ನನ್ನ ಕೌನ್ಸೆಲಿಂಗ್ ರೂಮಿಗೆ ಬಂದಿದ್ದು ನಿದ್ದೆ ಬರಲ್ಲ ಅಂತ. ಮೂರನೇ ಸಲಕ್ಕೆ ಬಾಯಿಬಿಟ್ರು, ಬರದೇ ಇರೋದು ಸೋಮವಾರ ಮತ್ತೆ ಬುಧವಾರ ರಾತ್ರಿ ಮಾತ್ರ, ಯಾಕಂದ್ರೆ ಮಾರನೇ ದಿನ ಕ್ಲಾಸಲ್ಲಿ ಸಂವಾದ ಮಾಡ್ತೀನಿ ಅಂತ ತಾವೇ ಹೇಳ್ಕೊಂಡಿದ್ರು.

ರಿಫ್ರೆಶರ್ ಕೋರ್ಸಲ್ಲಿ ಲೆಕ್ಚರ್ ಕಮ್ಮಿ ಮಾಡಿ, ಮಕ್ಕಳನ್ನ ಮಾತಾಡ್ಸಿ ಅಂದಿದ್ರಂತೆ. ಇವರಿಗೂ ಮನಸ್ಸಿತ್ತು. ಮೊದಲ ದಿನ ಪ್ರಶ್ನೆ ಕೇಳಿದ್ರೆ ಮಳೆ ಶಬ್ದ ಒಂದೇ, ತಾವೇ ಉತ್ತರ ಹೇಳಿ ನೋಟ್ಸ್ ಬರೆಸಿದ್ರು. ಎರಡನೇ ದಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸಂಸ್ಕೃತೀಕರಣ ಪಾಠ, ಅಂದ್ರೆ ಕೆಳಗಿನ ಜಾತಿಯೋರು ಮೇಲಿನೋರ ಆಚಾರ ಹಿಡಿದು ಮೇಲಕ್ಕೇರೋಕೆ ನೋಡೋದು. ಒಬ್ಳು ಹುಡುಗಿ ಎದ್ದು, "ಸರ್, ನಮ್ಮ ಕೇರಿಲಿ ಮಾಂಸ ಬಿಟ್ಟೋರೂ ಇದಾರೆ, ಆದ್ರೂ ಅವರನ್ನ ಯಾರೂ ಮೇಲಕ್ಕೆ ಸೇರಿಸ್ಕೊಳ್ಲಿಲ್ಲ, ಇದನ್ನ ಏನಂತ ಕರೀಬೇಕು?" ಅಂದ್ಳಂತೆ. ಎಂಥಾ ಪ್ರಶ್ನೆ ನೋಡಿ! ಮೇಷ್ಟ್ರು ಬೆವತು, ಸಿಲಬಸ್ಸಲ್ಲಿ ಇಲ್ಲ ಕೂತ್ಕೋ ಅಂದ್ಬಿಟ್ರು.

ಇಲ್ಲಿ ನಂದೂ ಒಂದು ತಪ್ಪಾಯ್ತು. ಇವರು ತಾಳಮದ್ದಳೆ (ವೇಷ, ಕುಣಿತ ಇಲ್ದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಅರ್ಥಧಾರಿ, ಅಂದ್ರೆ ಪಾತ್ರದ ಮಾತಾಡೋರು, ಮಳೆಗಾಲದಲ್ಲಿ ವಾಲಿವಧೆಗೆ ಇವರದ್ದೇ ವಾಲಿ. ರಾಮನ ಹತ್ರ ಬರೆದಿಟ್ಟ ಮಾತಿಲ್ದೆ ಗಂಟೆಗಟ್ಲೆ ವಾದ ಮಾಡೋ ನಿಮಗೆ ಮಕ್ಕಳ ಹತ್ರ ಎಂತ ಭಯ ಮಾರಾಯ್ರೇ, ಹಾಗೇ ಮಾಡಿ ಅಂದೆ. ಮಾಡಿದ್ರು. ಒಬ್ಬ ಹುಡುಗನ್ನ ಹತ್ತು ನಿಮಿಷದಲ್ಲಿ ಮಾತಲ್ಲೇ ಕೆಡವಿ ಹಾಕಿದ್ರು, ಎಲ್ರೂ ನಕ್ರು, ಮುಂದಿನ ವಾರದಿಂದ ಒಬ್ರೂ ತುಟಿ ಬಿಚ್ಲಿಲ್ಲ.

ಆಮೇಲೆ ಕೂತು ಯೋಚಿಸಿದಾಗ ಹೊಳೀತು, ತಾಳಮದ್ದಳೆಲಿ ಎದುರಿನೋನು ಸರಿಸಮ, ಪ್ರಸಂಗ ಎಲ್ಲಿಗೆ ಮುಗಿಯುತ್ತೆ ಅಂತ ಇಬ್ರಿಗೂ ಗೊತ್ತು, ವಾಲಿ ಎಷ್ಟೇ ಗೆದ್ರೂ ಬಾಣ ಆಗಲೇ ನಾಟಿದೆ. ಕ್ಲಾಸಲ್ಲಿ ಕೊನೆ ಯಾರಿಗೂ ಗೊತ್ತಿರಲ್ಲ, ಇಂಟರ್ನಲ್ ಮಾರ್ಕ್ಸ್ ಮಾತ್ರ ಒಬ್ಬರ ಕೈಲಿ. ಇವರಿಗೆ ಮಾತು ಬರದೇ ಇರೋದಲ್ಲ ಸಮಸ್ಯೆ, ಮಕ್ಕಳ ಮುಂದೆ ಸೋಲೋಕೆ ಮನಸ್ಸು ಸಿದ್ಧ ಇಲ್ಲ.

ನನ್ನೆದುರೇ "ನಂಗೆ ಗೊತ್ತಿಲ್ಲ, ನೋಡ್ಕೊಂಡು ಬರ್ತೀನಿ" ಅಂತ ಹೇಳ್ಸಿದೆ. ಬರ್ಲಿಲ್ಲ ಮಾತು! "ಮರ್ಯಾದೆ ಹೋಗುತ್ತೆ ಮೇಡಂ, ನಮ್ಮ ಗುರುಗಳು ಒಂದಿನಾನೂ ಹಾಗಂದಿಲ್ಲ" ಅಂದ್ರು. ಐದಾರು ಸಲ ಆದ್ಮೇಲೆ ಗಂಟಲು ಬಿಟ್ಟಿತು.

ಉಳಿದಿದ್ದು ಸಣ್ಣ ಸಲಹೆಗಳು. ಇಡೀ ಪೀರಿಯಡ್ ಬೇಡ, ಕೊನೇ ಹತ್ತು ನಿಮಿಷ ಸಾಕು, ಲೆಕ್ಚರ್ ಮೇಲೆ ನಂಗೇನೂ ಸಿಟ್ಟಿಲ್ಲ. ಮೊದಲು ಪಕ್ಕದೋರ ಜೊತೆ ಎರಡು ನಿಮಿಷ ಮಾತಾಡ್ಕೊಳ್ಲಿ, ಎಲ್ರ ಮುಂದೆ ಒಮ್ಮೆಲೇ ಎದ್ದು ನಿಲ್ಲೋದು ನಮ್ಮ ಹಳ್ಳಿ ಮಕ್ಕಳಿಗೆ ಕಷ್ಟ. ಮಾತಾಡಿದ್ದಕ್ಕೆ ಮಾರ್ಕ್ಸ್ ಕಟ್ಟಬೇಡಿ. ಪ್ರಶ್ನೆ ಕೇಳಿದ್ಮೇಲೆ ಕಾಯಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಶಾಲೆಗಳಲ್ಲಿ ನೋಡಿದಾಗ ಟೀಚರ್‌ಗಳು ಕಾಯ್ತಿದ್ದಿದ್ದು ಹೆಚ್ಚುಕಮ್ಮಿ 1 ಸೆಕೆಂಡ್, 3 ಸೆಕೆಂಡ್ ಕಾದ್ರೆ ಮಕ್ಕಳ ಉತ್ತರ ಉದ್ದ ಆಗ್ತಿತ್ತು. ನಿಮಗೆ ತಾಳ ಗೊತ್ತಲ್ಲ, ಮನಸ್ಸಲ್ಲೇ ಹಾಕ್ಕೊಂಡು ಸುಮ್ನೆ ನಿಂತ್ಕೊಳಿ ಅಂದೆ.

ಕಡೆಗೆ, ಆ ಹುಡುಗಿ ಪ್ರಶ್ನೆಗೇ ವಾಪಸ್ ಹೋಗಿ ಅಂದೆ. ಹೋದ್ರು. ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲಮ್ಮ, ಇವತ್ತೂ ಪೂರ್ತಿ ಇಲ್ಲ ಅಂದ್ರಂತೆ. ಅವಳು ಏನೂ ಅನ್ಲಿಲ್ಲ, ಹಿಂದಿನ ಬೆಂಚಿನ ಹುಡುಗ ಒಬ್ಬ "ನಮ್ಮೂರಲ್ಲೂ ಹಂಗೇ ಸರ್" ಅಂತ ಶುರು ಮಾಡಿದ್ನಂತೆ.

ಸೋಮವಾರ ರಾತ್ರಿ ಈಗ ನಿದ್ದೆ ಬರ್ತಿದೆ. ಬುಧವಾರದ್ದು ಇನ್ನೂ ಇಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬರ್ತಾರೆ.