ಜೋಸೆಲಿನ್ ಬೆಲ್ ಲೇಖನ: ಮೊದಲು ಕೆಲಸ ತೋರಿಸಿ

ಪ್ರಿಯರೇ,

ಪಲ್ಸಾರ್ (ತಿರುಗುತ್ತ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಪತ್ತೆಹಚ್ಚಿದ ಜೋಸೆಲಿನ್ ಬೆಲ್ ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ಹದವಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡು ವಾಕ್ಯ ಓದಿ ಸಿಟ್ಟು ಬಂತು.

"1967ರ ಒಂದು ರಾತ್ರಿ ದೈತ್ಯ ತಟ್ಟೆಯಂಥ ದೂರದರ್ಶಕದಲ್ಲಿ ಅದೃಷ್ಟವಶಾತ್ ವಿಚಿತ್ರ ಸಂಕೇತವೊಂದು ಆಕೆಯ ಕಣ್ಣಿಗೆ ಬಿತ್ತು."

ತಟ್ಟೆ ಎಲ್ಲಿತ್ತು? ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ತಟ್ಟೆ ಆಂಟೆನಾಗಳನ್ನು ನೋಡಿ ಬೆಳೆದ ನಮ್ಮ ಓದುಗರು ಅದನ್ನೇ ಊಹಿಸಿಕೊಳ್ಳುತ್ತಾರೆ. ಕೇಂಬ್ರಿಜ್ ಬಳಿ ಇದ್ದದ್ದು ನಾಲ್ಕೂವರೆ ಎಕರೆ ಬಯಲಿನಲ್ಲಿ ಸಾವಿರಕ್ಕೂ ಹೆಚ್ಚು ಕಂಬ ನೆಟ್ಟು, ತಂತಿ ಎಳೆದು, 2,048 ಡೈಪೋಲ್ (ಸರಳ ತಂತಿ ಆಂಟೆನಾ) ಕಟ್ಟಿದ ರೇಡಿಯೋ ದೂರದರ್ಶಕ. ಕಟ್ಟುವುದಕ್ಕೇ ಎರಡು ವರ್ಷ ಹಿಡಿಯಿತು. ಸುತ್ತಿಗೆ ಬೀಸಿದವರಲ್ಲಿ ಆಗ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಬೆಲ್ ಕೂಡ ಒಬ್ಬರು. ಆಮೇಲೆ ಅದನ್ನು ನಡೆಸಿದ್ದೂ, ದಿನಕ್ಕೆ ನೂರು ಅಡಿಯಷ್ಟು ಹೊರಬರುತ್ತಿದ್ದ ಚಾರ್ಟ್ ಕಾಗದವನ್ನು ಕಣ್ಣಲ್ಲೇ ಓದಿದ್ದೂ ಅವರೇ. ಬಹುದೂರದ ಪ್ರಖರ ರೇಡಿಯೋ ಮೂಲವಾದ ಕ್ವೇಸಾರ್‌ನ ಮಿನುಗು ಯಾವುದು, ವಾಹನದ ಕಿಡಿಯ ಗದ್ದಲ ಯಾವುದು ಎಂದು ಗುರುತಿಸಲು ಕಲಿತಿದ್ದರು. ಎರಡೂ ಅಲ್ಲದ ಕಾಲು ಅಂಗುಲದ ಗೀಚು ಅವರನ್ನು ತಡೆದು ನಿಲ್ಲಿಸಿತು. ಕ್ವೇಸಾರ್ ಮಿನುಗುವುದು ಸೌರಮಾರುತದಿಂದ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನಿಂದ; ರಾತ್ರಿ ಆ ಮಿನುಗು ತೀರ ಕಡಿಮೆ. ಈ ಗೀಚು ಬಂದದ್ದು ರಾತ್ರಿಯಲ್ಲೇ. ಇದರಲ್ಲಿ ಅದೃಷ್ಟ ಎಲ್ಲಿದೆ?

"ಸಂಕೇತ ಪ್ರತಿ ರಾತ್ರಿ ಅದೇ ಗಂಟೆಗೆ ಬರುತ್ತಿತ್ತು."

ಲೇಖನ ಕೆಟ್ಟದ್ದು ಇಲ್ಲೇ. ಗಡಿಯಾರದ ಅದೇ ಗಂಟೆಗೆ ಬಂದಿದ್ದರೆ ಯಾವುದೋ ಯಂತ್ರದ್ದು ಎಂದು ಬಿಟ್ಟುಬಿಡಬಹುದಿತ್ತು. ಅದು ಬಂದದ್ದು ನಕ್ಷತ್ರಗಳ ಲೆಕ್ಕಕ್ಕೆ, ಅವು ಆಕಾಶದ ಅದೇ ಜಾಗಕ್ಕೆ ಮರಳುವ 23 ಗಂಟೆ 56 ನಿಮಿಷಕ್ಕೊಮ್ಮೆ. ಅಂದರೆ ದಿನಕ್ಕೆ ನಾಲ್ಕು ನಿಮಿಷ ಮುಂಚೆ. ಆಕಾಶದ್ದೇ ಇರಬೇಕು ಎಂಬ ಗುಮಾನಿ ಹುಟ್ಟಿದ್ದು ಹಾಗೆ. ನಿಧಾನವಾಗಿ ಸಾಗುವ ಕಾಗದದಲ್ಲಿ ಮಿಡಿತಗಳು ಒಂದರ ಮೇಲೊಂದು ಬಿದ್ದು ಗೀಚಾಗುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಹೋಗಿ ಕಾಗದವನ್ನು ವೇಗವಾಗಿ ಓಡಿಸಬೇಕಿತ್ತು. ಸಂಕೇತ ಮಂಕಾಗಿ ವಾರಗಟ್ಟಲೆ ಏನೂ ಸಿಗಲಿಲ್ಲ. ನವೆಂಬರ್ 28ರಂದು ಸಿಕ್ಕಿತು: 1.337 ಸೆಕೆಂಡಿಗೊಂದು ಮಿಡಿತ. ಡಿಸೆಂಬರಿನಲ್ಲಿ ಆಕಾಶದ ಇನ್ನೊಂದು ಮೂಲೆಯಲ್ಲಿ ಎರಡನೆಯದನ್ನೂ ಅವರೇ ಹಿಡಿದರು. ಅಷ್ಟು ಕರಾರುವಾಕ್ಕಾದ ಮಿಡಿತ ಅನ್ಯಗ್ರಹದವರ ಸಂದೇಶವಿರಬಹುದೇ ಎಂಬ ಊಹೆ, ಎರಡು ಬೇರೆ ದಿಕ್ಕಿನಿಂದ ಬಂದದ್ದರಿಂದ ಬಿದ್ದುಹೋಯಿತು. ಇದರಲ್ಲಿ ಒಂದು ಸಾಲೂ ನಿಮ್ಮಲ್ಲಿಲ್ಲ.

ಬದಲಿಗೆ ನೊಬೆಲ್ ತಪ್ಪಿದ್ದಕ್ಕೆ ಮೂರು ಪ್ಯಾರಾ ಅತ್ತಿದ್ದೀರಿ. ಈ ಶೋಧವನ್ನು ಪ್ರಕಟಿಸಿದ, 1968ರ 'ನೇಚರ್' ವಿಜ್ಞಾನ ಪತ್ರಿಕೆಯ ಪ್ರಬಂಧದಲ್ಲಿ ಬೆಲ್ ಹೆಸರು ಎರಡನೆಯದು. 1974ರ ಪ್ರಶಸ್ತಿ ಅವರ ಮಾರ್ಗದರ್ಶಕ ಆಂಟನಿ ಹ್ಯೂವಿಶ್ ಹಾಗೂ ಕೇಂಬ್ರಿಜ್‌ನ ಇನ್ನೊಬ್ಬ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಇಷ್ಟು ಸಾಕು. ನಾನು ಕೆಲಸ ಕಲಿತ ಡೆಸ್ಕಿನಲ್ಲಿ 'ಅನ್ಯಾಯ' ಎಂದು ಬರೆದರೆ ಹಿರಿಯರು ಅಂಚಿನಲ್ಲಿ 'ಅವರು ಮಾಡಿದ್ದೇನು?' ಎಂದು ಗೀಚಿ ವಾಪಸು ಕೊಡುತ್ತಿದ್ದರು. ನಿಮ್ಮ ಪ್ರತಿಯ ಮೇಲೂ ಅದನ್ನೇ ಬರೆದಿದ್ದೇನೆ. ಆ ಮೂರು ಪ್ಯಾರಾ ತೆಗೆದು, ಕಾಗದ ಓದಿದ ಕ್ರಮವನ್ನೂ ನಾಲ್ಕು ನಿಮಿಷದ ಲೆಕ್ಕವನ್ನೂ ಸೇರಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.