ಅಪ್ಪನಿಗೆ 2,840, ಪಕ್ಕದ ಮಂಚದವರಿಗೆ 900

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 68 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.7. ಹೋದ ತಿಂಗಳು ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದೆವು. ಎರಡನೇ ದಿನದ ರಕ್ತದ ರಿಪೋರ್ಟಿನಲ್ಲಿ ‘ಎನ್‌ಟಿ-ಪ್ರೋಬಿಎನ್‌ಪಿ 2,840’ ಎಂದಿದೆ. ಪಕ್ಕದ ಮಂಚದಲ್ಲಿದ್ದ ನಲವತ್ತರ ಆಸುಪಾಸಿನ, ದಪ್ಪಗಿನವರೊಬ್ಬರಿಗೆ 900 ಇತ್ತು. ಇದು ಹಾರ್ಮೋನಂತೆ. ಅಪ್ಪನಿಗೆ ಆಗಿರುವ ಆಘಾತ ಮೂರು ಪಟ್ಟು ದೊಡ್ಡದೆ?
— ಓದುಗರೊಬ್ಬರು, ತಿಪಟೂರು

ಉತ್ತರ: ಹಾಗೆ ಭಾಗಾಕಾರ ಮಾಡಬೇಡಿ.

ನಿಮ್ಮ ಕಡೆಯವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. ಏರಿಯ ಮೇಲೆ ಒತ್ತಡ ಹೆಚ್ಚಿದರೆ ನೀರಗಂಟಿ ತೂಬು ಎತ್ತುತ್ತಾನಲ್ಲ, ಹೃದಯದ್ದೂ ಅದೇ ಉಪಾಯ. ಆಘಾತದಲ್ಲಿ ಒಂದಿಷ್ಟು ಸ್ನಾಯು ಸತ್ತರೆ ಉಳಿದದ್ದು ರಕ್ತವನ್ನು ಪೂರ್ತಿ ನೂಕಲಾರದೆ ಕೆಳಕೋಣೆಯ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಗೋಡೆಯೇ ಬಿಎನ್‌ಪಿ ಎಂಬ ಹಾರ್ಮೋನು ಬಿಡುತ್ತದೆ. ಅದು ರಕ್ತನಾಳಗಳನ್ನು ಸಡಿಲಿಸಿ, ಮೂತ್ರಪಿಂಡದಿಂದ ಉಪ್ಪು-ನೀರು ಹೊರಗೆ ಕಳಿಸುತ್ತದೆ. ಹೆಸರಿನಲ್ಲಿರುವ ‘ಬಿ’ ಬ್ರೈನಿನದು. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ! ಹೆಚ್ಚಾಗಿ ತಯಾರಾಗುವುದು ಹೃದಯದಲ್ಲೇ ಎಂದು ಗೊತ್ತಾಗುವ ಹೊತ್ತಿಗೆ ಹೆಸರು ಅಂಟಿಕೊಂಡಾಗಿತ್ತು. ನಿಮ್ಮ ರಿಪೋರ್ಟಿನಲ್ಲಿರುವ ಎನ್‌ಟಿ-ಪ್ರೋಬಿಎನ್‌ಪಿ ಈ ಹಾರ್ಮೋನು ತಯಾರಾಗುವಾಗ ಕತ್ತರಿಸಿ ಬೀಳುವ ಜೊತೆ ತುಂಡು. ರಕ್ತದಲ್ಲಿ ಹಾರ್ಮೋನಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಆಘಾತವಾದ ಮೇಲೆ ಈ ಸಂಖ್ಯೆ ಎತ್ತರದಲ್ಲಿದ್ದರೆ ಹೃದಯ ಕಷ್ಟದಲ್ಲಿದೆ ಎಂದೇ ಅರ್ಥ, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಯಸ್ಸಾದಂತೆ ಇದು ತಾನಾಗಿಯೇ ಏರುತ್ತದೆ. ಮೂತ್ರಪಿಂಡ ಸೋತಿದ್ದರೆ ರಕ್ತದಿಂದ ಬೇಗ ಹೊರಹೋಗದು, ತಂದೆಯವರ ಕ್ರಿಯಾಟಿನಿನ್ 1.7 ಅದನ್ನೇ ಹೇಳುತ್ತಿದೆ. ದಪ್ಪಗಿರುವವರಲ್ಲಿ ತದ್ವಿರುದ್ಧ, ಹೃದಯ ದಣಿದಿದ್ದರೂ ಸಂಖ್ಯೆ ಕಡಿಮೆ ಬರುವುದುಂಟು. ಪಕ್ಕದ ಮಂಚದವರ 900 ನೋಡಿ ಹೊಟ್ಟೆಕಿಚ್ಚು ಪಡಬೇಡಿ, ಪಾಪ. ಇನ್ನು ಸ್ನಾಯು ಎಷ್ಟು ಸತ್ತಿದೆ ಎಂಬ ಅಂದಾಜಿಗೆ ಟ್ರೋಪೋನಿನ್ ಇದೆ, ಅದು ಹಾರ್ಮೋನಲ್ಲ, ಸತ್ತ ಜೀವಕೋಶದಿಂದ ಸೋರುವ ಪ್ರೋಟೀನು.

2,840ನ್ನು ಹೋಲಿಸಬೇಕಾದ್ದು ತಂದೆಯವರದೇ ಮುಂದಿನ ಸಂಖ್ಯೆಯೊಂದಿಗೆ. ಮತ್ತೆ ಪರೀಕ್ಷೆ ಯಾವಾಗ ಎಂದು ನಿಮ್ಮ ವೈದ್ಯರನ್ನು ಕೇಳಿ, ಆದರೆ ಅದೇ ಲ್ಯಾಬಿನಲ್ಲಿ, ಅದೇ ಹೆಸರಿನ ಪರೀಕ್ಷೆ ಆಗಲಿ. ಬರೀ ‘ಬಿಎನ್‌ಪಿ’ ಮಾಡಿಸಿದರೆ ಅದರ ಅಳತೆಯೇ ಬೇರೆ, ಇಳಿದಿದೆ ಎಂದು ಸುಮ್ಮನೆ ಖುಷಿಪಡುತ್ತೀರಿ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಪಂಪಿಂಗ್ ಶೇಕಡಾ ಎಷ್ಟು ಎಂದೂ ಕೇಳಿ. ನೀವು ಅದನ್ನು ಬರೆದಿಲ್ಲ, ನನಗೆ ಮೊದಲು ಬೇಕಾಗಿದ್ದು ಅದೇ.

ನನ್ನ ಒಪಿಡಿಗೆ ಬಂದವರು ಫೈಲು ಬಿಚ್ಚುವ ಮುಂಚೆಯೇ ನಾನು ಕೇಳುವುದು, “ರಾತ್ರಿ ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಿ?” ಮೊದಲು ಒಂದು ಸಾಕಾಗುತ್ತಿದ್ದು ಈಗ ಉಸಿರಾಡಲು ಎರಡು ಮೂರು ಬೇಕು ಅನ್ನಿಸಿದರೆ, ಕಾಲು ಊದಿದರೆ, ಮೂರೇ ದಿನದಲ್ಲಿ ಎರಡು ಕೆ.ಜಿ. ತೂಕ ಏರಿದರೆ, ರಕ್ತದ ರಿಪೋರ್ಟಿಗೆ ಕಾಯದೆ ತಂದೆಯವರನ್ನು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.