ಮಲ್ಚ್ ಬಣ್ಣಗೆಟ್ಟು ತೆಳುವಾಗಿದೆ, ತೆಗೆದು ಹೊಸದು ಹಾಕಬೇಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೆಂಗಳೂರಲ್ಲಿ ಮನೆ ಮುಂದೆ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಜಾಗ ಇದೆ. ನೀರು ಸಾಲದೆ ಹುಲ್ಲುಹಾಸು ತೆಗೆಸಿದಿರಿ. ಗಿಡ ನೆಟ್ಟು, ನರ್ಸರಿಯಿಂದ ಮರದ ತೊಗಟೆ ಚೂರು ತಂದು ಮಣ್ಣಿನ ಮೇಲೆ ಹೊದಿಕೆಯಾಗಿ, ಅಂದರೆ ಮಲ್ಚ್ ಆಗಿ, ಹಾಸಿದಿರಿ. ವರ್ಷ ಕಳೆಯುವಷ್ಟರಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿದೆ, ತೆಳುವಾಗಿದೆ, ಅಲ್ಲಲ್ಲಿ ಬಿಳಿ ಬೂಸ್ಟು ಬಂದಿದೆ. ನೀರೂ ಅಂದುಕೊಂಡಷ್ಟು ಉಳಿಯುತ್ತಿಲ್ಲ. ಜಾಗ ಚೆಂದ ಕಾಣಬೇಕು ಅಂತಲೂ ಇದೆ. ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಬೇಡ. ದಯವಿಟ್ಟು ತೆಗೆಸಬೇಡಿ.

ನಮ್ಮೂರು ಶಿರಸಿ ಕಡೆ. ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು) ಸೊಪ್ಪು, ದರಕು (ತರಗೆಲೆ) ತಂದು ಅಡಿಕೆ ಮರದ ಬುಡಕ್ಕೆ ಹಾಕುವುದನ್ನು ನೋಡುತ್ತಲೇ ಬೆಳೆದಿದ್ದೇನೆ. ಹಳೆಯದನ್ನು ಕೆರೆದು ತೋಟದಿಂದ ಹೊರಗೆ ಸಾಗಿಸುವುದನ್ನು ಅಲ್ಲಿ ನಾನು ಕಂಡೇ ಇಲ್ಲ. ಕೊಳೆತು ಮಣ್ಣಾಗಲಿ ಅಂತಲೇ ಹಾಕುವುದು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಇದನ್ನೇ ಆಚ್ಛಾದನ ಅಂತ ಕರೆದು, ಸಗಣಿ, ಗಂಜಲದಿಂದ ಮಾಡುವ ಜೀವಾಮೃತ, ಬೀಜಾಮೃತದ ಜೊತೆಗೆ ಇಟ್ಟರು. ನಿಮ್ಮ ತೊಗಟೆ ಚೂರು ತೆಳುವಾಗಿದೆ ಅಂದರೆ ಅದು ಕೆಟ್ಟಿದೆ ಅಂತಲ್ಲ. ಅಡಿಭಾಗ ಮಣ್ಣಿಗೆ ಸೇರಿದೆ, ಅಷ್ಟೇ. ದುಡ್ಡು ಕೊಟ್ಟು ಅದನ್ನು ಲಾರಿಗೆ ತುಂಬಿಸುವುದು ಅಂದರೆ ನೀವೇ ಮಾಡಿಕೊಂಡ ಗೊಬ್ಬರವನ್ನು ಹೊರಗೆ ಕಳಿಸಿದ ಹಾಗೆ.

ಬೂದು ಬಣ್ಣ ಬಿಸಿಲಿನಿಂದ ಬಂದದ್ದು. ಮೇಲ್ಪದರ ಮಾತ್ರ ಹಾಗೆ. ಕೈಯಲ್ಲಿ ಒಂದು ಚೂರು ತಿರುಗಿಸಿ ನೋಡಿ, ಕೆಳಗಿನ ಮೈ ಇನ್ನೂ ಕಂದು ಬಣ್ಣದಲ್ಲೇ ಇರುತ್ತದೆ. ಕುಂಟೆಯಿಂದ ಒಮ್ಮೆ ತಿರುವಿ ಹಾಕಿದರೆ ಅರ್ಧ ಬಣ್ಣ ಅಲ್ಲೇ ವಾಪಸ್ ಬರುತ್ತದೆ. ಬಿಳಿ ಬೂಸ್ಟು ಮರವನ್ನು ಕರಗಿಸುವ ಶಿಲೀಂಧ್ರ. ಗಿಡಕ್ಕೆ ಅದರಿಂದ ತೊಂದರೆ ಇಲ್ಲ. ಔಷಧಿ ಹೊಡೆಯಬೇಡಿ, ತಿರುವಿ ಗಾಳಿಯಾಡಿಸಿ, ಸಾಕು.

ಈಗ ನೀರಿನ ವಿಷಯ. ನನಗೆ ಜಾಸ್ತಿ ಹೇಳಬೇಕು ಅನಿಸುವುದು ಇದರ ಬಗ್ಗೆಯೇ.

ತಿರುವುವ ಮೊದಲು ಒಂದು ಮಗ್ ನೀರನ್ನು ಮೆಲ್ಲಗೆ ಆ ಚೂರಿನ ಮೇಲೆ ಸುರಿದು ನೋಡಿ. ನೀರು ಹನಿಹನಿಯಾಗಿ ನಿಂತು ಪಕ್ಕಕ್ಕೆ ಜಾರಿದರೆ, ಮೇಲೆ ಹೆಪ್ಪು ಕಟ್ಟಿದೆ ಅಂತ ಅರ್ಥ. ತುಂಬ ದಿನ ಒಣಗಿದ, ಸಣ್ಣ ಪುಡಿಯಾದ ತೊಗಟೆ ಹೀಗೆ ನೀರು ಒಳಗೆ ಬಿಡದೆ ತಳ್ಳುತ್ತದೆ. ನಿಮ್ಮ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದಕ್ಕೆ ಒಂದು ಉತ್ತರ ಇಲ್ಲೇ ಸಿಗಬಹುದು. ಎರಡನೇ ಉತ್ತರ ನಲ್ಲಿ ತಿರುಗಿಸುವ ಅಭ್ಯಾಸದಲ್ಲಿ ಇರುತ್ತದೆ. ಹೊದಿಕೆ ಹಾಕಿದ ಮೇಲೂ ದಿನಾ ಸಂಜೆ ಐದು ನಿಮಿಷ ಪೈಪ್ ಹಿಡಿದು ಸಿಂಪಡಿಸಿದರೆ, ಆ ನೀರನ್ನೆಲ್ಲ ಹೊದಿಕೆಯೇ ಕುಡಿದು ಮಾರನೇ ದಿನ ಬಿಸಿಲಿಗೆ ಬಿಟ್ಟುಬಿಡುತ್ತದೆ. ಬೇರಿನವರೆಗೆ ಹನಿಯೂ ಇಳಿಯುವುದಿಲ್ಲ. ಹೊದಿಕೆ ಇರುವ ಕಡೆ ನೀರು ಅಪರೂಪಕ್ಕೆ ಕೊಡಬೇಕು, ಕೊಟ್ಟಾಗ ಆಳಕ್ಕೆ ಇಳಿಯುವಷ್ಟು ಕೊಡಬೇಕು. ಡ್ರಿಪ್ ಪೈಪ್ ಇದ್ದರೆ ಅದನ್ನು ಚೂರಿನ ಮೇಲಲ್ಲ, ಕೆಳಗೆ, ಮಣ್ಣಿಗೆ ತಾಗಿಸಿ ಇಡಿ. ಡ್ರಿಪ್ ಇಲ್ಲದಿದ್ದರೆ ಗಿಡದ ಸುತ್ತ ಹೊದಿಕೆ ಸ್ವಲ್ಪ ಸರಿಸಿ, ಪೈಪನ್ನು ಮಣ್ಣಿಗೇ ಇಟ್ಟು ಸಣ್ಣಗೆ ಬಿಡಿ. ಮತ್ತೆ ಯಾವಾಗ ನೀರು ಬೇಕು ಅಂತ ಕ್ಯಾಲೆಂಡರ್ ನೋಡಬೇಡಿ. ಹೊದಿಕೆ ಸರಿಸಿ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತಣ್ಣಗೆ ಒದ್ದೆ ಇದ್ದರೆ ಸುಮ್ನೆ ಬಿಡಿ.

ಮಾರ್ಚ್ ಮಧ್ಯಾಹ್ನ ನಮ್ಮ ದಾಸವಾಳದ ಬುಡದಲ್ಲಿ ಹೊದಿಕೆ ಎತ್ತಿದರೆ ಏನು ಕಾಣುತ್ತದೆ ಹೇಳುತ್ತೇನೆ. ಮೇಲೆ ಗರಿಗರಿ ಒಣಗಿದ ಹೊಂಗೆ ಎಲೆ. ಅದರ ಕೆಳಗೆ ಬರೀ ನರ ಉಳಿದ, ಜಾಲರಿಯಂತಾದ ಎಲೆ. ಇನ್ನೂ ಕೆಳಗೆ ಬಿಳಿ ನೂಲುಗಳು, ಅದಕ್ಕೆ ಅಂಟಿಕೊಂಡ ಕಪ್ಪು ಪುಡಿ, ಎರೆಹುಳು ಹಾಕಿದ ಸಣ್ಣ ಸಣ್ಣ ಮಣ್ಣಿನ ಉಂಡೆಗಳು. ಕೆಂಪು ಮಣ್ಣು ಅಲ್ಲಿ ಮುಷ್ಟಿಯಲ್ಲಿ ಹಿಡಿದರೆ ನಿಲ್ಲುತ್ತದೆ. ಎರಡಡಿ ಆಚೆ, ಏನೂ ಹೊದಿಸದ ಜಾಗದಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಹಂಚಿನ ಚೂರಿನಂತೆ ಏಳುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ಆಮೇಲೆ ಬಿದ್ದ ಮಳೆ ಒಳಗೆ ಇಳಿಯದೆ ಚರಂಡಿಗೆ ಓಡುತ್ತದೆ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುವ ಊರಲ್ಲಿ ಫೆಬ್ರವರಿಗೇ ಗಿಡ ಬಾಡುವುದಕ್ಕೆ ಇದೂ ಒಂದು ಕಾರಣ.

2024ರ ಮಾರ್ಚ್ ನಿಮಗೂ ನೆನಪಿರಬೇಕು ಅಲ್ವಾ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕೂತಿದ್ದೆವು. ಆಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಸುಮಾರು 100 ಕಿ.ಮೀ. ದೂರದಿಂದ, ಇಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರು ಅದು. ಗಿಡಕ್ಕೆ ಹಾಕಬೇಕಾಗಿ ಬಂದಾಗ ಒಂದು ಲೋಟವೂ ಆವಿಯಾಗಿ ಹೋಗಬಾರದು ಅನ್ನುವುದು ನನ್ನ ಹಟ.

ಇನ್ನು ಎಷ್ಟು ಹಾಕಬೇಕು ಅನ್ನುವುದು. ಮೊದಲು ಈಗ ಎಷ್ಟಿದೆ ಅಳೆಯಿರಿ. ಒಂದು ಸ್ಕೇಲ್ ಚುಚ್ಚಿ ನೋಡಿದರೆ ಸಾಕು. ತೊಗಟೆ, ಮರದ ಚೂರಿಗೆ ಒಟ್ಟು ಎರಡರಿಂದ ಮೂರು ಇಂಚು ಬೇಕು. ನಿಮ್ಮದು ಎರಡಿಂಚು ಇನ್ನೂ ಇದ್ದರೆ ತಿರುವಿದರೆ ಆಯಿತು, ಕೊಳ್ಳುವುದೇ ಬೇಡ. ಒಂದಿಂಚಿಗೆ ಇಳಿದಿದ್ದರೆ ಇನ್ನೊಂದಿಂಚು ಸೇರಿಸಿ. ಇನ್ನೂರು ಚದರಡಿಗೆ ಒಂದಿಂಚು ಅಂದರೆ ಸುಮಾರು 470 ಲೀಟರ್, ಹನ್ನೆರಡು ಹದಿಮೂರು ಸಿಮೆಂಟ್ ಚೀಲದಷ್ಟು. ಎಲ್ಲ ತೆಗೆಸಿ ಹೊಸದಾಗಿ ಮೂರಿಂಚು ಹಾಕಿಸಿದರೆ ಅದರ ಮೂರು ಪಟ್ಟು. ಲೆಕ್ಕ ಹಾಕಿ ನೋಡಿ, ಎಷ್ಟು ದುಡ್ಡು ಉಳಿಯುತ್ತದೆ ಅಂತ. ಹಾಗಂತ ವರ್ಷವರ್ಷವೂ ಅಳತೆ ನೋಡದೆ ಮೇಲೆ ಸುರಿಯುತ್ತಾ ಹೋಗಬಾರದು. ನಾಲ್ಕೈದು ಇಂಚು ದಾಟಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಸಣ್ಣ ಮಳೆ ಮಣ್ಣನ್ನು ಮುಟ್ಟುವುದೂ ಇಲ್ಲ.

ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಗಿಡದ ಬುಡದ ಸುತ್ತ ಮೂರು ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಡಿ. ರಸ್ತೆ ಬದಿಯ ಎಷ್ಟೋ ಕಡೆ ಮರದ ಬುಡಕ್ಕೆ ಗುಡ್ಡೆ ಹಾಕಿ ಚೆಂದ ಮಾಡಿರುತ್ತಾರೆ. ನೋಡಿದರೆ ನನಗೆ ಸಂಕಟವಾಗುತ್ತದೆ. ಮಳೆಗಾಲದಲ್ಲಿ ಆ ಮರದ ಕಾಂಡದ ತೊಗಟೆ ಸದಾ ಒದ್ದೆ ಇದ್ದು ಕೊಳೆಯಲು ಶುರುವಾಗುತ್ತದೆ.

ಹೊಸ ಪದರಕ್ಕೆ ಅಂಗಡಿಯ ಚೂರೇ ಬೇಕು ಅಂತೇನಿಲ್ಲ. ಇನ್ನೂರು ಚದರಡಿಗೆ ಬೇಕಾದಷ್ಟು ತರಗೆಲೆಯನ್ನು ನಿಮ್ಮ ರಸ್ತೆಯೇ ಕೊಡುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಹೊಂಗೆ, ಮಹಾಗನಿ, ಮಳೆಮರ ಎಲ್ಲ ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿ, ಬರೀ ಎಲೆ ಇರುವ ರಾಶಿಯನ್ನು ನಮಗೆ ಬಿಡಿ ಅಂತ. ಸಂತೋಷವಾಗಿ ಕೊಡುತ್ತಾರೆ, ಅವರಿಗೂ ಹೊರುವ ಭಾರ ಕಡಿಮೆಯಾಗುತ್ತದೆ. ತಂದದ್ದನ್ನು ಒಂದು ಟಾರ್ಪಾಲಿನ ಮೇಲೆ ಹರವಿ ಪ್ಲಾಸ್ಟಿಕ್, ಗಾಜಿನ ಚೂರು ಆರಿಸಿ. ಎಲೆ ದೊಡ್ಡದಿದ್ದರೆ ತುಳಿದೋ ಕತ್ತರಿಸಿಯೋ ಸಣ್ಣ ಮಾಡಿ, ಇಲ್ಲದಿದ್ದರೆ ಒಂದರ ಮೇಲೊಂದು ಕೂತು ಚಾಪೆಯಂತಾಗಿ ನೀರು ತಡೆಯುತ್ತದೆ. ಹೊಂಗೆ ಎಲೆ ಬೇಗ ಕರಗಿ ಮಣ್ಣಿಗೆ ಸಾರಜನಕ ಕೊಡುತ್ತದೆ, ನನಗೆ ಅದೇ ಅಚ್ಚುಮೆಚ್ಚು. ಬಿದಿರಿನ ಎಲೆ ತುಂಬ ದಿನ ಬಾಳುತ್ತದೆ. ನೀಲಗಿರಿ ಎಲೆಯನ್ನು ಚಿಕ್ಕ ಸಸಿಗಳ ಹತ್ತಿರ ಹಾಕಬೇಡಿ, ಅದರಲ್ಲಿರುವ ಎಣ್ಣೆಯಂಥ ಅಂಶ ಮೊಳಕೆಯನ್ನು ತಡೆಯುತ್ತದೆ. ಎಲೆಗೆ ಬೆಂಕಿ ಹಚ್ಚುವವರು ಈಗಲೂ ಇದ್ದಾರೆ. ಅದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯ ಅಸ್ತಮಾ ಇರುವ ಮಗುವಿಗೂ ಕಷ್ಟ.

ನೋಟಕ್ಕೆ ತರಗೆಲೆ ಅಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ, ಗಾಳಿಗೂ ಹಾರುತ್ತದೆ ಅನ್ನುವುದು ನಿಜ. ಅದಕ್ಕೆ ನಾನು ಮಾಡುವುದು ಇಷ್ಟು: ಹಳೆಯ ಚೂರನ್ನು ಒಂದು ಬದಿಗೆ ಎಳೆಯುತ್ತೇನೆ. ಕಳೆ ಕಿತ್ತು, ಮಣ್ಣಿನ ಮೇಲೆ ತೆಳ್ಳಗೆ ಕಾಂಪೋಸ್ಟ್ ಎರಚಿ, ಚೆನ್ನಾಗಿ ನೀರು ಹಾಯಿಸುತ್ತೇನೆ. ಒಣ ಮಣ್ಣಿನ ಮೇಲೆ ಹೊದಿಕೆ ಹಾಕಿದರೆ ಒಣಗಿದ್ದನ್ನೇ ಕಾಪಾಡಿದಂತೆ, ಆದ್ದರಿಂದ ಈ ಹೆಜ್ಜೆ ಬಿಡಬೇಡಿ. ಅದರ ಮೇಲೆ ಎರಡಿಂಚು ಎಲೆ. ಕೊನೆಗೆ ಹಳೆಯ ಚೂರನ್ನೇ ಮೇಲೆ ಹರಡುತ್ತೇನೆ. ಮೇಲೆ ಕಾಣುವುದು ಚೂರು, ಒಳಗೆ ಕೆಲಸ ಮಾಡುವುದು ಎಲೆ. ಹೊಸ ಚೂರು ಬೇಕಾದರೆ ಜನ ನೋಡುವ ಗೇಟಿನ ಕಡೆಗೆ ಮಾತ್ರ ಒಂದೆರಡು ಚೀಲ ಹಾಕಿ.

ಮರದ ಚೂರು ಮಣ್ಣಿನ ಸಾರ ಹೀರುತ್ತದೆ ಅಂತ ಹೆದರಿಸುವವರಿದ್ದಾರೆ. ಚೂರನ್ನು ಮಣ್ಣಿಗೆ ಬೆರೆಸಿ ಅಗೆದರೆ ಅದು ನಿಜ, ಕರಗಿಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕ ಎಳೆದುಕೊಳ್ಳುತ್ತವೆ. ಮೇಲೆ ಹಾಸಿದರೆ ಮಣ್ಣಿಗೆ ತಾಗುವ ತೆಳು ಪದರದಲ್ಲಿ ಮಾತ್ರ ಹಾಗಾಗುತ್ತದೆ, ಕೆಳಗಿನ ಬೇರಿಗೆ ಏನೂ ಆಗುವುದಿಲ್ಲ. ಸಾಮಿಲ್ಲಿನ ಹೊಟ್ಟು ತರುವುದಾದರೆ ಪ್ಲೈವುಡ್ ಪುಡಿ ಬೆರೆತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಅದರಲ್ಲಿ ಅಂಟು ಇರುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಳೆ ನೀರೂ ಇಳಿಯುವುದಿಲ್ಲ, ಎರೆಹುಳುವೂ ಮೇಲೆ ಬರುವುದಿಲ್ಲ. ಕಳೆ ಜಾಸ್ತಿ ಇದ್ದರೆ ರಟ್ಟಿನ ಡಬ್ಬಿ ಬಿಚ್ಚಿ, ಟೇಪ್ ಕಿತ್ತು, ನೆನೆಸಿ ಹಾಸಿ. ಅದು ತಾನೇ ಕರಗುತ್ತದೆ.

ಚೆಂದದ ಬಗ್ಗೆಯೂ ಕೇಳಿದ್ದೀರಿ. ಅಂಚು ಸರಿಯಿದ್ದರೆ ಅರ್ಧ ಚೆಂದ ಅಲ್ಲೇ ಬಂತು. ಸಾದರಹಳ್ಳಿ ಗ್ರಾನೈಟ್ ಕಲ್ಲಿನ ಪಟ್ಟಿಯೋ ಇಟ್ಟಿಗೆಯೋ ಇಟ್ಟು, ಹೊದಿಕೆ ಅದಕ್ಕಿಂತ ಒಂದಿಂಚು ಕೆಳಗೆ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಮೇ ತಿಂಗಳ ಒಂದು ಜೋರು ಮಳೆಗೆ ಎಲ್ಲ ಫುಟ್‌ಪಾತಿಗೆ ಬಂದಿರುತ್ತದೆ. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಹೊದಿಕೆ ಇದ್ದರೆ ಕಾಂಪೌಂಡ್ ಗೋಡೆಗೆ ಕೆಂಪು ಮಣ್ಣು ಸಿಡಿಯುವುದಿಲ್ಲ. ಗುಲಾಬಿ, ಟೊಮೆಟೊ ಎಲೆಗೂ ಮಣ್ಣು ಸಿಡಿಯದೆ ರೋಗ ಕಡಿಮೆಯಾಗುತ್ತದೆ. ಗಿಡಗಳಲ್ಲಿ ನಂದಿಬಟ್ಟಲು, ದಾಸವಾಳ, ಸ್ಫಟಿಕ, ನಿತ್ಯಪುಷ್ಪ ಇವು ಹೊದಿಕೆಯ ನಡುವೆ ಚೆನ್ನಾಗಿ ಬರುತ್ತವೆ, ಒಮ್ಮೆ ಬೇರೂರಿದರೆ ಹೆಚ್ಚು ನೀರು ಕೇಳುವುದಿಲ್ಲ. ಕಾಗದದ ಹೂ, ಲೋಳೆಸರಕ್ಕೆ ಬುಡ ಒಣಗಿರಬೇಕು. ಅವುಗಳ ಸುತ್ತ ಎಲೆ ಬೇಡ, ಸಣ್ಣ ಜಲ್ಲಿ ಹಾಕಿ. ಬೇರೆ ಕಡೆಗೆಲ್ಲ ಬಿಳಿ ಕಲ್ಲು ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ, ಬಿಸಿಲಿಗೆ ಕಾಯುತ್ತದೆ, ಮಣ್ಣಿಗೆ ಏನೂ ಕೊಡುವುದಿಲ್ಲ.

ಯಾವಾಗ ಮಾಡಬೇಕು? ಬೆಂಗಳೂರಿಗೆ ಒಳ್ಳೆಯ ಕಾಲ ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್ ಮೊದಲ ಅರ್ಧ. ಮಣ್ಣಿನಲ್ಲಿ ಮಳೆ ನೀರು ತುಂಬಿರುತ್ತದೆ, ಆಗಲೇ ಹೊದಿಸಿದರೆ ಬೇಸಿಗೆಗೆ ಸ್ವಲ್ಪವಾದರೂ ಉಳಿಯುತ್ತದೆ. ಫೆಬ್ರವರಿಯಲ್ಲಿ ಎಲೆ ಉದುರುವಾಗ ತೆಳುವಾದ ಕಡೆ ಮತ್ತೆ ಹಾಕಿ. ಏಪ್ರಿಲ್ ಕೊನೆಗೆ, ಭರಣಿ ಮಳೆಗೆ ಮೊದಲು, ಒಮ್ಮೆ ಕುಂಟೆಯಾಡಿಸಿ ಹೆಪ್ಪು ಒಡೆಯಿರಿ.

ಮಳೆಗಾಲದಲ್ಲಿ ಎರಡು ವಿಷಯಕ್ಕೆ ಗಮನ ಇರಲಿ. ಒಂದು, ಆಫ್ರಿಕಾದ ದೊಡ್ಡ ಬಸವನಹುಳು. ಹೊದಿಕೆಯ ಒದ್ದೆಯಲ್ಲಿ ಹಗಲು ಅಡಗಿ, ರಾತ್ರಿ ಎಲೆ ತಿನ್ನುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪದರವನ್ನು ತೆಳ್ಳಗೆ ಇಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಗ್ಲೌಸ್ ಹಾಕಿಕೊಂಡೇ ಆರಿಸಿ, ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಮಣ್ಣಿನ ಮೇಲೆ ಉಪ್ಪು ಚೆಲ್ಲಬೇಡಿ. ಎರಡು, ಎಳನೀರು ಬುರುಡೆ, ತೆಂಗಿನ ಚಿಪ್ಪು ಹಾಕುವುದಾದರೆ ಬೋರಲು ಹಾಕಿ. ಅಂಗಾತ ಬಿದ್ದರೆ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಗೆದ್ದಲಿನ ಭಯ ಇದ್ದರೆ ಮನೆ ಗೋಡೆಯಿಂದ ಅರ್ಧ ಅಡಿ ಜಾಗ ಖಾಲಿ ಬಿಟ್ಟು, ಅಲ್ಲಿ ಜಲ್ಲಿ ತುಂಬಿ.

ಈ ಭಾನುವಾರ ಸ್ಕೇಲ್ ಚುಚ್ಚಿ ನೋಡಿ, ಎಷ್ಟಿಂಚು ಉಳಿದಿದೆ ಅಂತ ತಿಳಿಸಿ. ಯಾವ ಗಿಡಗಳಿವೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅನ್ನುವುದನ್ನೂ ಬರೆದರೆ, ಎಲ್ಲಿ ಎಲೆ, ಎಲ್ಲಿ ಚೂರು ಅಂತ ಹೇಳುತ್ತೇನೆ.